ಓದುಗರು ಕೇಳಿದ್ದು: ಹೆದ್ದಾರಿ ಬಿಟ್ಟು ದುರ್ಗದ ಸುತ್ತ, ಬೈಕಿನಲ್ಲಿ

ರಜೆಗೆ ಬೈಕ್ ಹತ್ತಿ ಒಳದಾರಿ ಹಿಡಿಯುವವರು ತಮ್ಮ ಪ್ರಶ್ನೆ ಬರೆದು ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಗೆ ಸಂಬಂಧಿಸಿದವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದಲ್ಲಿ ಒಂದೇ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಎರಡು ದಿನ ರಜೆ ಇದೆ, 350 ಸಿಸಿ ಗಾಡಿ, ನಾನೊಬ್ಬನೇ. ದಾವಣಗೆರೆಯಿಂದ ಹೆದ್ದಾರಿ ಮುಟ್ಟದೆ ವಾಣಿವಿಲಾಸ ಸಾಗರ ನೋಡಿಕೊಂಡು ಬರುವ ಆಸೆ. ಮ್ಯಾಪಿನಲ್ಲಿ ಹೇಗೆ ಹಾಕಿದರೂ ಚಿತ್ರದುರ್ಗ, ಹಿರಿಯೂರು ಅಂತಲೇ ತೋರಿಸುತ್ತದೆ. ಏನು ಮಾಡಲಿ?
— ವಿದ್ಯಾನಗರ, ದಾವಣಗೆರೆ

ಉತ್ತರ: ಮ್ಯಾಪು ಹುಡುಕುವುದು ಬೇಗ ತಲುಪುವ ದಾರಿಯನ್ನು. ನಿಮಗೆ ಬೇಕಿರುವುದು ಅದಲ್ಲ. ಸೆಟ್ಟಿಂಗಿನಲ್ಲಿ ಹೆದ್ದಾರಿ ಬೇಡ ಎಂದು ಒತ್ತಿಬಿಟ್ಟರೂ ಕೆಲಸ ಆಗುವುದಿಲ್ಲ. ಆಗ ಅದು ಹೆದ್ದಾರಿಯ ಪಕ್ಕದ ಸರ್ವೀಸ್ ರಸ್ತೆಗೆ ಇಳಿಸುತ್ತದೆ, ಇಲ್ಲವೇ ಯಾರದೋ ಅಡಿಕೆ ತೋಟದ ಬೇಲಿ ಮುಂದೆ ತಂದು ನಿಲ್ಲಿಸುತ್ತದೆ.

ಮೊದಲು ನೋಡಬೇಕಾದ ಜಾಗಗಳನ್ನು ಒಂದೊಂದಾಗಿ ಗುರುತು ಹಾಕಿಕೊಳ್ಳಿ. ಆಮೇಲೆ ಎರಡೆರಡು ಊರಿನ ನಡುವಿನ ರಸ್ತೆಯನ್ನು ಉಪಗ್ರಹ ಚಿತ್ರದಲ್ಲಿ ದೊಡ್ಡದು ಮಾಡಿ ನೋಡಿ. ಡಾಂಬರು ರಸ್ತೆ ಒಂದೇ ಅಗಲದ ಬೂದು ಪಟ್ಟಿಯಾಗಿ ಕಾಣುತ್ತದೆ. ಎರಡು ಗೆರೆ, ನಡುವೆ ಹಸಿರು ಇದ್ದರೆ ಅದು ಗಾಡಿಜಾಡು, ಟ್ರ್ಯಾಕ್ಟರ್ ಓಡಾಡುವ ದಾರಿ. ರಸ್ತೆ ಮಟ್ಟದ ಫೋಟೊ ಇದ್ದರೆ ಅದನ್ನೂ ತೆರೆಯಿರಿ, ಆದರೆ ಚಿತ್ರ ತೆಗೆದ ತಿಂಗಳು, ವರ್ಷ ನೋಡಿಕೊಳ್ಳಿ. ಎರಡು ಮಳೆಗಾಲ ಕಳೆದಿದ್ದರೆ ಆ ಡಾಂಬರನ್ನು ನಂಬುವ ಹಾಗಿಲ್ಲ. ಒಂದೇ ಪ್ರಯಾಣಕ್ಕೆ ಹಾಕಬಹುದಾದ ನಿಲ್ದಾಣಗಳಿಗೆ ಮಿತಿ ಇರುವುದರಿಂದ ದಿನವನ್ನು ಎರಡು ತುಂಡು ಮಾಡಿ ಬೇರೆ ಬೇರೆ ಉಳಿಸಿಕೊಳ್ಳಿ. ಇನ್ನೊಂದು ಲಾಭವೂ ಇದೆ: ಒಂದು ತಿರುವು ತಪ್ಪಿದರೆ ಮ್ಯಾಪು ಹೊಸದಾಗಿ ಲೆಕ್ಕ ಹಾಕಿ ನಿಮ್ಮನ್ನು ಮತ್ತೆ ಹೆದ್ದಾರಿಗೇ ಎಳೆಯುತ್ತದೆ, ಚಿಕ್ಕ ತುಂಡಾದರೆ ಎಳೆಯಲು ಜಾಗ ಕಡಿಮೆ. ಊರುಗಳ ಹೆಸರನ್ನು ಸಾಲಾಗಿ ಒಂದು ಚೀಟಿಯಲ್ಲಿ ಬರೆದು ಟ್ಯಾಂಕಿನ ಮೇಲೆ ಅಂಟಿಸಿಕೊಳ್ಳಿ. ನೆಟ್‌ವರ್ಕ್ ಹೋದರೂ ಚೀಟಿ ಹೋಗುವುದಿಲ್ಲ.

ದಾರಿ ಕೇಳುವುದಕ್ಕೂ ಒಂದು ಕ್ರಮ ಇದೆ. ದಾವಣಗೆರೆ ಪಕ್ಕದ ಹದಡಿಯಲ್ಲಿ ನಿಂತು ವಾಣಿವಿಲಾಸಕ್ಕೆ ಹೇಗೆ ಎಂದರೆ ಯಾರೇ ಆದರೂ ‘ದುರ್ಗದ ಮೇಲೆ ಹಿರಿಯೂರಿಗೆ ಹೋಗಿ ಸಾರ್’ ಎನ್ನುತ್ತಾರೆ. ಅವರು ಹೇಳಿದ್ದು ಸರಿಯೇ. ಆದ್ದರಿಂದ ಮುಂದಿನ ಊರಿನ ಹೆಸರನ್ನಷ್ಟೇ ಕೇಳಿ. ಜೊತೆಗೆ ಇನ್ನೊಂದು ಪ್ರಶ್ನೆ: ‘ಆ ದಾರೀಲಿ ಬಸ್ ಓಡಾಡುತ್ತಾ?’ ಬಸ್ ಓಡಾಡುವ ರಸ್ತೆಯಲ್ಲಿ ನಿಮ್ಮ ಗಾಡಿ ಖಂಡಿತ ಓಡುತ್ತದೆ. ‘ಬೈಕ್ ಹೋಗುತ್ತೆ’ ಎನ್ನುವ ಮಾತಿಗೆ ಮಾತ್ರ ಮರುಳಾಗಬೇಡಿ. ಹಳ್ಳಿಯಲ್ಲಿ ಬೈಕ್ ಹೋಗದ ಜಾಗವೇ ಇಲ್ಲ.

ಈಗ ದಾರಿ. ಮೊದಲ ದಿನ ದಾವಣಗೆರೆ, ಹದಡಿ, ತ್ಯಾವಣಿಗೆ, ಸೂಳೆಕೆರೆ. ಭದ್ರಾ ನಾಲೆಯ ಸೀಮೆಯಾದ್ದರಿಂದ ಉದ್ದಕ್ಕೂ ಗದ್ದೆ, ಅಡಿಕೆ, ತೆಂಗು. ಶಾಂತಿಸಾಗರ ಎಂದೂ ಕರೆಯುವ ಸೂಳೆಕೆರೆಯಲ್ಲಿ ನೀರಿನ ಹರವಿಗಿಂತ ಏರಿಯನ್ನು ಗಮನಿಸಿ. ಅಷ್ಟು ದೊಡ್ಡ ಕೆರೆಯನ್ನು ಎರಡು ಗುಡ್ಡಗಳ ನಡುವಿನ, ಉದ್ದ ಕಡಿಮೆಯಿರುವ ಏರಿಯೊಂದು ಹಿಡಿದು ನಿಲ್ಲಿಸಿದೆ. ಅಲ್ಲಿಂದ ಹತ್ತು ಕಿ.ಮೀ. ಆಸುಪಾಸಿನಲ್ಲಿ ಸಂತೇಬೆನ್ನೂರು, ಮೆಟ್ಟಿಲು ಇಳಿಸಿದ ಪುಷ್ಕರಣಿ, ನಡುನೀರಿನಲ್ಲಿ ವಸಂತ ಮಂಟಪ, ದಡದಲ್ಲಿ ಪ್ರಯಾಣಿಕರು ತಂಗುತ್ತಿದ್ದ ಮುಸಾಫಿರ್‌ಖಾನಾ. ಮುಂದೆ ಚಿಕ್ಕಜಾಜೂರಿನ ಮೇಲೆ ಹೊಳಲ್ಕೆರೆ, ಅಲ್ಲಿಂದ ಹೊಸದುರ್ಗ. ಒಟ್ಟು ಸುಮಾರು 120 ಕಿ.ಮೀ. ರಾತ್ರಿ ಹೊಸದುರ್ಗದಲ್ಲೇ ಉಳಿಯಿರಿ. ಮ್ಯಾಪಿನಲ್ಲಿ ಹೊಸದುರ್ಗ ಎಂದು ಹುಡುಕುವಾಗ ಜಿಲ್ಲೆಯನ್ನೂ ಸೇರಿಸಿ. ಕಾಸರಗೋಡು ಜಿಲ್ಲೆಯಲ್ಲೂ ಒಂದು ಹೊಸದುರ್ಗ ಇದೆ, ಮ್ಯಾಪಿಗೆ ಎರಡೂ ಒಂದೇ.

ಎರಡನೇ ದಿನ ಬೆಳಗ್ಗೆ ಹಾಲುರಾಮೇಶ್ವರ, ಆಮೇಲೆ ಅಣೆಕಟ್ಟಿನ ಊರಾದ ವಾಣಿವಿಲಾಸಪುರ. ದಾರಿ ಕೇಳುವಾಗ ಮಾರಿಕಣಿವೆ ಎನ್ನಿ, ಹಿರಿಯರ ಬಾಯಲ್ಲಿ ಈಗಲೂ ಅದೇ ಹೆಸರು. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲು ತೊಡಗಿ 1907ರಲ್ಲಿ ಮುಗಿಸಿದ ಅಣೆಕಟ್ಟು ಇದು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿಯಲು 2022ರವರೆಗೆ ಕಾಯಬೇಕಾಯಿತು. ಹಾಗೆ ತುಂಬಿದ ವರ್ಷ ಹೊಸದುರ್ಗದ ಕಡೆಯ ಹಿನ್ನೀರಿನ ಅಂಚಿನ ಸಣ್ಣ ರಸ್ತೆಗಳನ್ನು ನೆಚ್ಚಬೇಡಿ. ಮ್ಯಾಪಿಗೆ ನೀರು ಬಂದದ್ದು ಗೊತ್ತಿರುವುದಿಲ್ಲ.

ವಾಪಸಾಗುವಾಗ ಹಠ ಬಿಡಿ. ಹಿರಿಯೂರಿನಿಂದ ದುರ್ಗದವರೆಗೆ ನಲವತ್ತು ಕಿ.ಮೀ. ಹೆದ್ದಾರಿಯನ್ನು ಸಹಿಸಿಕೊಂಡರೆ ಎರಡು ಗಂಟೆ ಹಗಲು ಉಳಿಯುತ್ತದೆ. ಟೋಲ್‌ನಲ್ಲಿ ಬೈಕಿಗೆ ದುಡ್ಡಿಲ್ಲ, ಎಡಗಡೆ ಅಂಚಿನ ಸಂದಿಯಲ್ಲಿ ಹೊರಟುಹೋಗಿ. ದುರ್ಗದಿಂದ ಮತ್ತೆ ಒಳಗೆ: ಭೀಮಸಮುದ್ರ, ಸಿರಿಗೆರೆ, ಅಲ್ಲಿಂದ ಭರಮಸಾಗರದ ಬಳಿ ಹೆದ್ದಾರಿಗೆ ಬಂದು ಆನಗೋಡು, ದಾವಣಗೆರೆ. ಈ ದಿನ ಸುಮಾರು 190 ಕಿ.ಮೀ. ಭೀಮಸಮುದ್ರದ ಕಡೆ ಅದಿರಿನ ಲಾರಿಗಳು ಸಾಲುಸಾಲು ಬರುತ್ತವೆ. ಅವುಗಳ ಹಿಂದೆ ಸಿಕ್ಕಿಕೊಂಡರೆ ಓವರ್‌ಟೇಕ್ ಮಾಡುವ ಬದಲು ಐದು ನಿಮಿಷ ನಿಂತು ಟೀ ಕುಡಿಯಿರಿ. ಕೆಂಪು ದೂಳಿನಲ್ಲಿ ಎದುರಿನ ಗಾಡಿ ಕಾಣುವುದಿಲ್ಲ.

ಪ್ರಶ್ನೆ: ದಿನಕ್ಕೆ ಎಷ್ಟು ಕಿಲೋಮೀಟರ್ ಇಟ್ಟುಕೊಳ್ಳಬೇಕು? ಹೆದ್ದಾರಿಯಲ್ಲಿ 400 ಓಡಿಸಿದ ಅಭ್ಯಾಸ ಇದೆ.
— ಹರಿಹರ

ಉತ್ತರ: ಒಳದಾರಿಗೆ ಅದರ ಅರ್ಧಕ್ಕಿಂತ ಕಡಿಮೆ ಇಟ್ಟುಕೊಳ್ಳಿ. ಕಿಲೋಮೀಟರನ್ನು 30ರಿಂದ ಭಾಗಿಸಿ, ಬಂದದ್ದು ಸೀಟಿನ ಮೇಲೆ ಕೂರುವ ಗಂಟೆ. 150 ಕಿ.ಮೀ. ಎಂದರೆ ಐದು ಗಂಟೆ. ಅದರ ಮೇಲೆ ಊಟ, ಫೋಟೊ, ದಾರಿ ತಪ್ಪುವುದು ಸೇರಿ ಎರಡೂವರೆ ಗಂಟೆ ಹಾಕಿ. ಹಳ್ಳಿ ಬಂದಾಗಲೆಲ್ಲ ಎರಡು ಹಂಪು, ಒಂದು ಕುರಿಮಂದೆ, ಶಾಲೆ ಬಿಟ್ಟ ಮಕ್ಕಳು ಇದ್ದೇ ಇರುತ್ತಾರೆ. ಹಂಪಿಗೆ ಬಿಳಿ ಬಣ್ಣ ಬಳಿದಿರುತ್ತಾರೆ ಎಂಬ ನಂಬಿಕೆ ಬೇಡ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ, ಐದಕ್ಕೆ ರಾತ್ರಿ ಉಳಿಯುವ ಊರು ಸೇರುವ ಹಾಗೆ ಲೆಕ್ಕ ಹಾಕಿ.

ಪ್ರಶ್ನೆ: ಸುಗ್ಗಿ ಕಾಲದಲ್ಲಿ ರಸ್ತೆ ತುಂಬ ರಾಗಿ, ಹುರುಳಿ, ಮೆಕ್ಕೆಜೋಳ ಹರಡಿರುತ್ತಾರೆ. ಮೇಲೆ ಹತ್ತಿಸಿಕೊಂಡು ಹೋದರೆ ಗಾಡಿಗೆ ಏನಾದರೂ ಆಗುತ್ತದೆಯೇ? ಬಳಸಿಕೊಂಡು ಹೋಗಲು ಜಾಗವೇ ಇರುವುದಿಲ್ಲ.
— ಹೊಳಲ್ಕೆರೆ

ಉತ್ತರ: ಮೂರೂ ಒಂದೇ ಥರ ಅಲ್ಲ, ಬೇರೆಬೇರೆಯಾಗಿ ನೋಡಬೇಕು.

ಮೆಕ್ಕೆಜೋಳವನ್ನು ಒಣಗಲು ಹರಡಿರುತ್ತಾರೆ, ತುಳಿಯಲಿ ಎಂದಲ್ಲ. ಅರ್ಧ ರಸ್ತೆಗೆ ಕಾಳು, ಅಂಚಿಗೆ ಸಾಲಾಗಿ ಕಲ್ಲು. ಆ ಕಾಳಿನ ಮೇಲೆ ಚಕ್ರ ಹೋದರೆ ಬೇರಿಂಗ್ ಗುಂಡುಗಳ ಮೇಲೆ ಹೋದ ಹಾಗೆ. ಮುಂದಿನ ಬ್ರೇಕ್ ಮುಟ್ಟಿದಿರೋ, ಗಾಡಿ ಮಲಗಿತು. ಸಿಕ್ಕಿಬಿದ್ದರೆ ಹ್ಯಾಂಡಲ್ ನೇರ ಹಿಡಿದು, ಆಕ್ಸಿಲರೇಟರ್ ಹೆಚ್ಚು ಕಡಿಮೆ ಮಾಡದೆ, ಗಾಡಿ ವಾಲಿಸದೆ ದಾಟಿ. ನಿಜವಾದ ಅಪಾಯ ಸಂಜೆಯದ್ದು. ಕಾಳು ಬಾಚಿ ಚೀಲಕ್ಕೆ ತುಂಬಿ ಮನೆಗೆ ಒಯ್ಯುತ್ತಾರೆ, ಕಲ್ಲುಗಳು ಮಾತ್ರ ರಸ್ತೆ ನಡುವೆ ಹಾಗೇ ಉಳಿಯುತ್ತವೆ. ತೆಂಗಿನಕಾಯಿ ಗಾತ್ರದ ಕಲ್ಲು ಹೆಡ್‌ಲೈಟಿಗೆ ಕಂಡಾಗ ಬಹಳ ತಡವಾಗಿರುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮೆಕ್ಕೆಜೋಳದ ಸೀಮೆಯಲ್ಲಿ ಕತ್ತಲಾದ ಮೇಲೆ ಓಡಿಸದಿರಲು ಇದೊಂದೇ ಕಾರಣ ಸಾಕು.

ರಾಗಿ ತೆನೆಯನ್ನು ಗಾಡಿಗಳು ತುಳಿಯಲಿ ಎಂದೇ ಹಾಸಿರುತ್ತಾರೆ. ಬೈಕಿನ ತೂಕದಿಂದ ಅವರಿಗೆ ಹೆಚ್ಚು ಲಾಭ ಇಲ್ಲ. ತೆಳ್ಳಗಿದ್ದ ಕಡೆ ನಿಧಾನ ದಾಟಬಹುದು.

ಹುರುಳಿಯದ್ದೇ ನಿಜವಾದ ತಾಪತ್ರಯ. ಅದು ಬಳ್ಳಿ. ಒಣಗಿದ ಮೇಲೆ ದಾರದ ಹಾಗೆ ಹಿಂದಿನ ಚಕ್ರದ ಹಬ್ಬಿಗೆ, ಚೈನ್ ಸ್ಪ್ರಾಕೆಟ್ಟಿಗೆ ಸುತ್ತಿಕೊಳ್ಳುತ್ತದೆ. ಇಂಜಿನ್ ಕೆಳಗೆ ಬೆಂಡ್ ಪೈಪಿನ (ಇಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಕೊಳವೆ) ಮೇಲೆ ಸಿಕ್ಕಿದ್ದು ಕಾದು ಹೊಗೆಯಾಡುತ್ತದೆ, ಬೆಂಕಿಯೂ ಹತ್ತುತ್ತದೆ. ಹುಲ್ಲು ಸುಟ್ಟ ವಾಸನೆ ಬಂತೆಂದರೆ ಬಳ್ಳಿಯ ರಾಶಿಯ ಮೇಲೆ ನಿಲ್ಲಬೇಡಿ, ಬರಿ ಡಾಂಬರಿಗೆ ಬಂದು ನಿಲ್ಲಿಸಿ. ಇಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿ, ಗೇರ್ ನ್ಯೂಟ್ರಲ್. ಬೆಂಡ್ ಪೈಪಿನ ಮೇಲಿನದನ್ನು ಕೋಲಿನಿಂದ ಎಳೆಯಿರಿ, ಕೈ ಹಾಕಿದರೆ ಚರ್ಮ ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಸುತ್ತಿದ್ದನ್ನು ಬಿಡಿಸಲು ಗಾಡಿಯನ್ನು ಹಿಂದಕ್ಕೆ ತಳ್ಳಿ; ಮುಂದಕ್ಕೆ ಹೋಗುವಾಗ ಸುತ್ತಿದ್ದು ಹಿಂದಕ್ಕೆ ಹೋದರೆ ಸಡಿಲವಾಗುತ್ತದೆ. ಉಳಿದದ್ದಕ್ಕೆ ಚಾಕು. ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಗೇರ್ ಹಾಕಿ, ಇಂಜಿನ್ನಿನಿಂದಲೇ ಚಕ್ರ ತಿರುಗಿಸಿಕೊಂಡು ಕೈಯಲ್ಲಿ ಎಳೆಯುವವರಿದ್ದಾರೆ. ಚೈನಿಗೂ ಸ್ಪ್ರಾಕೆಟ್ಟಿಗೂ ನಡುವೆ ಬೆರಳು ಹೋದರೆ ತುಂಡಾಗಿಯೇ ಬರುವುದು. ಬಿಡಿಸಿದ ಮೇಲೆ ಚೈನ್ ಲೂಸ್ ನೋಡಿ. ಕೆಳಗಿನ ಎಳೆಯ ಮಧ್ಯದಲ್ಲಿ ಒತ್ತಿ ಎತ್ತಿದರೆ 25ರಿಂದ 30 ಮಿ.ಮೀ. ಆಡಬೇಕು ಎಂಬುದು ಹೆಚ್ಚಿನ ಗಾಡಿಗಳ ಅಳತೆ. ನಿಮ್ಮದರ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ.

ಪ್ರಶ್ನೆ: ನಾವು ನಾಲ್ವರು ವಿದ್ಯಾರ್ಥಿಗಳು, ಎರಡು 100 ಸಿಸಿ ಗಾಡಿ. ದುರ್ಗದಿಂದ ಹೊರಟು ಅಶೋಕನ ಶಾಸನ ನೋಡಿ ಒಂದೇ ದಿನದಲ್ಲಿ ಬರಬಹುದೇ? ಪೆಟ್ರೋಲ್, ಪಂಕ್ಚರ್ ಬಗ್ಗೆಯೂ ತಿಳಿಸಿ.
— ಚಿತ್ರದುರ್ಗ

ಉತ್ತರ: ಬರಬಹುದು, ಆರು ಗಂಟೆಗೆ ಬಿಟ್ಟರೆ. ಹೋಗುವಾಗ ತುರುವನೂರು, ನಾಯಕನಹಟ್ಟಿ, ತಳಕು. ತಳಕಿನಲ್ಲಿ ಬಳ್ಳಾರಿ ಹೆದ್ದಾರಿ ಹತ್ತಿ ಹಾನಗಲ್‌ವರೆಗೆ, ಅಲ್ಲಿಂದ ಮೊಳಕಾಲ್ಮೂರು. ಮೊಳಕಾಲ್ಮೂರಿನಿಂದ ಸಿದ್ದಾಪುರ, ಬ್ರಹ್ಮಗಿರಿ ಹದಿನೈದು ಕಿ.ಮೀ. ಆಸುಪಾಸು. ಬರುವಾಗ ಸುಸ್ತಾಗಿರುತ್ತದೆ, ನೇರ ಚಳ್ಳಕೆರೆ ಮೇಲೆ ಬನ್ನಿ. ಒಟ್ಟು 220 ಕಿ.ಮೀ. ಎಂದಿಟ್ಟುಕೊಳ್ಳಿ.

ಶಾಸನ ಒಂದಲ್ಲ, ಮೂರು: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ. ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಹಚ್ಚಿದವು. ಅಲ್ಲಿಗೆ ಹೋಗಿ ಅಶೋಕನ ಶಿಲಾಶಾಸನ ಎಂದು ಕೇಳುವುದಕ್ಕಿಂತ ಬ್ರಹ್ಮಗಿರಿಯದಕ್ಕೆ ಅಕ್ಷರಗುಂಡು, ಜಟಿಂಗರಾಮೇಶ್ವರದ್ದಕ್ಕೆ ಬಳೆಗಾರ ಗುಂಡು ಎಂಬ ಹಳೆಯ ಹೆಸರು ಹೇಳಿ ನೋಡಿ. ಜಟಿಂಗರಾಮೇಶ್ವರದ್ದು ಬೆಟ್ಟದ ಮೇಲಿದೆ, ಹತ್ತಬೇಕು. ಬಿಸಿಲೇರುವ ಮೊದಲು ಅದನ್ನೇ ಮುಗಿಸಿ. ಶಾಸನದ ಕೊನೆಯ ಸಾಲು ಹುಡುಕಿ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದ್ದರೂ ಬರೆದವನಾದ ಚಪಡ ತನ್ನ ಕಸುಬಿನ ಪದವೊಂದನ್ನು ಮಾತ್ರ ಖರೋಷ್ಠಿ ಎಂಬ ಬೇರೆ ಲಿಪಿಯಲ್ಲಿ ಬರೆದಿದ್ದಾನೆ.

ಮ್ಯಾಪಿನಲ್ಲಿ ಬರಿ ಸಿದ್ದಾಪುರ ಎಂದು ಹಾಕಿದರೆ ಉತ್ತರ ಕನ್ನಡಕ್ಕೆ, ಬರಿ ಬ್ರಹ್ಮಗಿರಿ ಎಂದರೆ ಕೊಡಗಿಗೆ ದಾರಿ ತೋರಿಸಬಹುದು. ಮೊಳಕಾಲ್ಮೂರು ಎಂದು ಸೇರಿಸಿ. ಇನ್ನೊಂದು, ಅಲ್ಲಿ ಗಡಿ ಹತ್ತಿರ. ಮ್ಯಾಪು ಒಮ್ಮೊಮ್ಮೆ ರಾಯದುರ್ಗದ ಮೇಲೆ ಕಳಿಸುತ್ತದೆ. ಹೋದರೆ ತೊಂದರೆ ಏನಿಲ್ಲ, ಆದರೆ ಆಂಧ್ರದಲ್ಲಿ ಪೆಟ್ರೋಲ್ ದುಬಾರಿ, ಈ ಕಡೆಯೇ ತುಂಬಿಸಿಕೊಳ್ಳಿ. ಇಬ್ಬರು ಕೂತ 100 ಸಿಸಿ ಗಾಡಿ ಲೀಟರಿಗೆ 50 ಕೊಟ್ಟರೂ ನಾಲ್ಕೂವರೆ ಲೀಟರ್ ಬೇಕು. ದುರ್ಗದಲ್ಲಿ ಟ್ಯಾಂಕ್ ತುಂಬಿಸಿದರೆ ದಿನ ಕಳೆಯುತ್ತದೆ. ಹಳ್ಳಿ ಅಂಗಡಿಯ ಬಾಟಲಿ ಪೆಟ್ರೋಲ್ ತೀರಾ ಗತಿಯಿಲ್ಲದಾಗ ಮಾತ್ರ.

ಪಂಕ್ಚರ್ ಆಗುವುದು ಹೆಚ್ಚಾಗಿ ಬಳ್ಳಾರಿ ಜಾಲಿಯಿಂದ. ಫೋಟೊ ತೆಗೆಯಲು ಗಾಡಿಯನ್ನು ಮಣ್ಣಿನ ಅಂಚಿಗೆ ಇಳಿಸುತ್ತಾರೆ, ಅಲ್ಲೇ ಮುಳ್ಳು ಕಾದಿರುತ್ತದೆ. ಡಾಂಬರಿನ ಅಂಚಿನಲ್ಲೇ, ಎದುರು ಬರುವವರಿಗೆ ಕಾಣುವ ಹಾಗೆ ನಿಲ್ಲಿಸಿ. ನಿಮ್ಮದು ಕಡ್ಡಿ ಚಕ್ರ, ಟ್ಯೂಬಿನ ಗಾಡಿಯಾದರೆ ಟ್ಯೂಬ್‌ಲೆಸ್ ಟೈರಿನ ತೂತಿಗೆ ಬತ್ತಿ ಹಾಕುವ ಕಿಟ್ ಕೆಲಸಕ್ಕೆ ಬಾರದು. ಹೊಸ ಟ್ಯೂಬ್ ಒಂದು, ಟೈರ್ ಲಿವರ್ ಎರಡು, ಕೈಪಂಪು, ಚಕ್ರ ಬಿಚ್ಚುವ ಸ್ಪ್ಯಾನರ್ ಇರಲಿ. ಟ್ಯೂಬಿನ ಅಳತೆ ಟೈರಿನ ಬದಿಯಲ್ಲಿ ಬರೆದಿರುತ್ತದೆ. ಹಳೆ ಟ್ಯೂಬ್ ತೆಗೆದ ಕೂಡಲೇ ಹೊಸದು ತುರುಕಬೇಡಿ. ಮುರಿದ ಮುಳ್ಳಿನ ತುದಿ ಟೈರಿನಲ್ಲೇ ಇರುತ್ತದೆ. ಟೈರಿನ ಒಳಗೆ ಬಟ್ಟೆಯೊಂದನ್ನು ಪೂರ್ತಿ ಸುತ್ತು ಆಡಿಸಿ, ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳು. ಬೆರಳಿಗಿಂತ ಬಟ್ಟೆ ವಾಸಿ. ಹೊಸ ಟ್ಯೂಬಿಗೆ ಸ್ವಲ್ಪ ಗಾಳಿ ಹಿಡಿಸಿ ದುಂಡಗೆ ಮಾಡಿಕೊಂಡು ಒಳಗಿಡಿ, ಇಲ್ಲದಿದ್ದರೆ ಮಡಿಕೆ ಬಿದ್ದು ಲಿವರ್ ಅಡಿ ಸಿಕ್ಕಿ ಎರಡನೇ ಪಂಕ್ಚರ್ ನೀವೇ ಮಾಡಿದಂತೆ.

ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ. ಆ ದಿನಗಳಲ್ಲಿ ಈ ರಸ್ತೆ ಜನರದ್ದು, ಬೈಕಿನವರದ್ದಲ್ಲ.

ಪ್ರಶ್ನೆ: ಮಳೆ ಬಂದ ಮಾರನೇ ದಿನ ಎರೆಹೊಲದ ನಡುವಿನ ಅಡ್ಡದಾರಿಯಲ್ಲಿ ಮುಂದಿನ ಚಕ್ರ ಸಿಕ್ಕಿಕೊಂಡು ಗಾಡಿ ತಳ್ಳಲೂ ಆಗಲಿಲ್ಲ. ಬ್ರೇಕ್ ಜಾಮ್ ಆಗಿತ್ತೇ?
— ಜಗಳೂರು

ಉತ್ತರ: ಬ್ರೇಕ್ ಅಲ್ಲ, ಮಡ್‌ಗಾರ್ಡ್. ಎರೆಮಣ್ಣು ನೆಂದರೆ ಉಬ್ಬಿ ಅಂಟಾಗುತ್ತದೆ, ಟೈರಿನ ಜೊತೆ ಸುತ್ತಿಕೊಂಡು ಮೇಲೇರಿ ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿಯನ್ನು ತುಂಬುತ್ತದೆ. ಸಂದಿ ಎರಡು ಬೆರಳಿಗಿಂತ ಕಡಿಮೆ ಇರುವ ಗಾಡಿಗಳಲ್ಲಿ ನೂರು ಮೀಟರ್ ಸಾಕು. ಕೆಮ್ಮಣ್ಣಿನಲ್ಲಿ ಜಾರಬಹುದು, ಹೀಗೆ ಕಚ್ಚಿಕೊಳ್ಳುವುದಿಲ್ಲ.

ಉಜ್ಜುವ ಸದ್ದು ಕೇಳಿದ ತಕ್ಷಣ ನಿಲ್ಲಿಸಿ. ಇನ್ನಷ್ಟು ಆಕ್ಸಿಲರೇಟರ್ ಕೊಟ್ಟರೆ ಕ್ಲಚ್ ಪ್ಲೇಟ್ ಸುಡುತ್ತದೆ, ಚಕ್ರ ಬಿಡುವುದಿಲ್ಲ. ಕೋಲಿನಿಂದ ಕೆದಕಿ, ಬಂದ ಜಾಡಿನಲ್ಲೇ ಹಿಂದಿರುಗಿ. ಮುಂದೆ ಹೋಗಲೇಬೇಕಾದರೆ ಮುಂದಿನ ಮಡ್‌ಗಾರ್ಡ್ ಬಿಚ್ಚಿ ಸೀಟಿಗೆ ಕಟ್ಟಿಕೊಳ್ಳಿ, ಸಾಮಾನ್ಯವಾಗಿ ನಾಲ್ಕು ಬೋಲ್ಟ್. ಎರಡು ಫೋರ್ಕುಗಳನ್ನು ಬಿಗಿಯಾಗಿ ಹಿಡಿಯುವ ಕೆಲಸವನ್ನೂ ಅದು ಮಾಡುವುದರಿಂದ, ಮತ್ತೆ ಕೂರಿಸುವವರೆಗೆ ಇಪ್ಪತ್ತರ ವೇಗ ಮೀರಬೇಡಿ. ಬೋಲ್ಟುಗಳನ್ನು ಒಂದು ಡಬ್ಬಿಗೆ ಹಾಕಿ. ಎರೆಯಲ್ಲಿ ಬಿದ್ದ ಬೋಲ್ಟ್ ಮತ್ತೆ ಸಿಗುವುದಿಲ್ಲ. ರಸ್ತೆಗೆ ಬಂದ ಮೇಲೆ ಇಂಜಿನ್ನಿನ ಫಿನ್ನುಗಳ ನಡುವೆ ಮೆತ್ತಿದ ಮಣ್ಣನ್ನೂ ತೆಗೆಯಿರಿ. ಗಾಳಿಯಿಂದ ತಣಿಯುವ ಇಂಜಿನ್, ಫಿನ್ ಮುಚ್ಚಿದರೆ ಕಾಯುತ್ತದೆ.

ಪ್ರಶ್ನೆ: ನಮ್ಮ ಮನೆಯವರದು 150 ಸಿಸಿ ಗಾಡಿ. ಇಬ್ಬರೂ ಎರಡು ದಿನ ಸುತ್ತಿ ಬರೋಣ ಅಂತಾರೆ. ಹಳ್ಳಿ ರಸ್ತೆಯಲ್ಲಿ ಹಿಂದೆ ಕೂತರೆ ನನಗೆ ಸೊಂಟ ಹಿಡಿದುಬಿಡುತ್ತದೆ. ಲಗೇಜು ಬೇರೆ. ಏನಾದರೂ ಉಪಾಯ ಇದೆಯೇ?
— ಹೊನ್ನಾಳಿಯ ಗೃಹಿಣಿ

ಉತ್ತರ: ಇದೆ. ಮುಕ್ಕಾಲು ಪಾಲು ಉಪಾಯ ಹಿಂದಿನ ಶಾಕ್ ಅಬ್ಸಾರ್ಬರಿನಲ್ಲೇ ಇದೆ. ಒಬ್ಬರೇ ಓಡಾಡುವ ಗಾಡಿಯಲ್ಲಿ ಅದನ್ನು ಮೆತ್ತಗಿನ ಮಟ್ಟದಲ್ಲೇ ಬಿಟ್ಟಿರುತ್ತಾರೆ. ಇಬ್ಬರು ಕೂತು ಲಗೇಜು ಹೇರಿದಾಗ ಸ್ಪ್ರಿಂಗ್ ತಳ ಮುಟ್ಟಿ ಪ್ರತಿ ತಗ್ಗೂ ನೇರ ನಿಮ್ಮ ಸೊಂಟಕ್ಕೆ ಬರುತ್ತದೆ. ಸ್ಪ್ರಿಂಗ್ ಬುಡದಲ್ಲಿ ಮೆಟ್ಟಿಲಿನಂಥ ಕಚ್ಚುಗಳಿರುತ್ತವೆ. ಐದು ಮೆಟ್ಟಿಲಿದ್ದರೆ ಮೂರನೆಯದಕ್ಕೋ ನಾಲ್ಕನೆಯದಕ್ಕೋ ತಿರುಗಿಸಲು ಹೇಳಿ. ಎರಡು ಶಾಕ್ ಇದ್ದರೆ ಎರಡೂ ಒಂದೇ ಮೆಟ್ಟಿಲಿನಲ್ಲಿರಬೇಕು. ಮೆಕ್ಯಾನಿಕ್ ಅಂಗಡಿಯಲ್ಲಿ ಐದು ನಿಮಿಷದ ಕೆಲಸ.

ಟೈರಿನ ಗಾಳಿ: ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ ಮೇಲೆ ಅಂಟಿಸಿದ ಚೀಟಿಯಲ್ಲಿ ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಎಂದು ಬೇರೆ ಬೇರೆ ಬರೆದಿರುತ್ತದೆ. ಬೆಳಗ್ಗೆ ಟೈರ್ ತಣ್ಣಗಿದ್ದಾಗ ಇಬ್ಬರ ಲೆಕ್ಕಕ್ಕೆ ಹಿಡಿಸಿ. ಓಡಿಸಿ ಬಿಸಿಯಾದ ಮೇಲೆ ನೋಡಿದರೆ ಹೆಚ್ಚು ತೋರಿಸುತ್ತದೆ, ಅದನ್ನು ನಂಬಿ ಗಾಳಿ ಬಿಡಬೇಡಿ.

ಲಗೇಜಿನಲ್ಲಿ ಭಾರದ್ದು ಕೆಳಗೆ, ಸೀಟಿನ ಎರಡೂ ಬದಿಯ ಚೀಲದಲ್ಲಿ, ಸಮನಾಗಿ. ಹಿಂದಿನ ಕ್ಯಾರಿಯರಿನ ತುದಿಯಲ್ಲಿ ಹತ್ತು ಕೆ.ಜಿ. ಕಟ್ಟಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೊಯ್ದಾಡುತ್ತದೆ. ಸೈಲೆನ್ಸರ್ ಕಡೆಯ ಚೀಲ ಅದಕ್ಕೆ ತಾಗದ ಹಾಗೆ ನಾಲ್ಕು ಬೆರಳು ಅಂತರ ಇರಲಿ.

ನಿಮ್ಮ ಕಡೆಯಿಂದ: ಸೀರೆಯಲ್ಲಿ ಬೇಡ, ಎರಡೂ ಕಡೆ ಕಾಲು ಹಾಕಿ ಕೂರುವ ಉಡುಪು ಹಾಕಿ, ಒಂದೇ ಪಕ್ಕಕ್ಕೆ ಕೂತಾಗಲೇ ಸೊಂಟ ತಿರುಚಿ ಹಿಡಿಯುವುದು. ದುಪಟ್ಟಾ ಮನೆಯಲ್ಲಿರಲಿ, ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಗೇ ಸುತ್ತಿಕೊಳ್ಳುತ್ತದೆ. ಹಿಂದಿನವರಿಗೂ ಹೆಲ್ಮೆಟ್ ಕಡ್ಡಾಯ, ಐಎಸ್ 4151 ಎಂಬ ಮುದ್ರೆ ನೋಡಿ ಕೊಳ್ಳಿ. ನಲವತ್ತು ಕಿ.ಮೀ.ಗೆ ಒಮ್ಮೆ ಇಳಿದು ಹತ್ತು ನಿಮಿಷ ಓಡಾಡಿ. ಮುಂದೆ ಹಂಪು ಬಂದಾಗ ಒಂದು ಮಾತು ಹೇಳಬೇಕೆಂದು ಮನೆಯವರಿಗೆ ತಾಕೀತು ಮಾಡಿ; ಗೊತ್ತಿದ್ದು ಕಾಲೂರಿ ಸ್ವಲ್ಪ ಎದ್ದರೆ ಅರ್ಧ ಹೊಡೆತ ತಪ್ಪುತ್ತದೆ.

ಪ್ರಶ್ನೆ: ಜೋಗಿಮಟ್ಟಿ ಗಾಳಿಯಂತ್ರಗಳ ದಾರಿ, ರಂಗಯ್ಯನದುರ್ಗ ಕಾಡಿನ ದಾರಿಯಲ್ಲಿ ಬೈಕ್ ಓಡಿಸಬಹುದೇ?
— ದಾವಣಗೆರೆ

ಉತ್ತರ: ಎರಡೂ ವನ್ಯಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನೊಳಗಿನ ದಾರಿಗೆ ಇಳಿಯುವ ಹಾಗಿಲ್ಲ, ಗೇಟ್ ತೆರೆದಿದ್ದರೂ ಅಷ್ಟೇ. ರಂಗಯ್ಯನದುರ್ಗವನ್ನು 2011ರಲ್ಲಿ ವನ್ಯಧಾಮ ಮಾಡಿದ್ದೇ ಕೊಂಡುಕುರಿಗಾಗಿ. ನಾಲ್ಕು ಕೊಂಬಿನ ಆ ನಾಚಿಕೆಯ ಪ್ರಾಣಿ ಸೈಲೆನ್ಸರ್ ಸದ್ದಿಗೆ ನಿಮ್ಮ ಕಣ್ಣಿಗೆ ಬೀಳುವುದೂ ಇಲ್ಲ.

ಪ್ರಶ್ನೆ: ಆಷಾಢದಲ್ಲಿ ದುರ್ಗದ ಕಡೆ ಗಾಳಿ ಜೋರು. ಬೈಕ್ ಒಂದು ಪಕ್ಕಕ್ಕೆ ಎಳೆಯುತ್ತದೆ.
— ಮಲೇಬೆನ್ನೂರು

ಉತ್ತರ: ಜೂನ್‌ನಿಂದ ಆಗಸ್ಟ್‌ವರೆಗೆ ಅದು ಹಾಗೇ, ಗಾಳಿಯಂತ್ರ ಅಲ್ಲಿ ನೆಟ್ಟಿದ್ದು ಸುಮ್ಮನೆ ಅಲ್ಲ. ಗಾಳಿ ಒಂದೇ ಸಮ ಬೀಸಿದರೆ ಗಾಡಿ ಅದಕ್ಕೆ ಒರಗಿ ಹೋಗುತ್ತದೆ, ಕಷ್ಟವಿಲ್ಲ. ಗುಡ್ಡದ ಮರೆಯಿಂದ ಬಯಲಿಗೆ ಬಂದಾಗ, ಲಾರಿಯನ್ನು ದಾಟಿ ಮುಂದಾದಾಗ ಹೊಡೆಯುವ ಪೆಟ್ಟೇ ಅಪಾಯ. ಅಂಥ ಕಡೆ ಐವತ್ತಕ್ಕೆ ಇಳಿಸಿ, ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿದು, ಹ್ಯಾಂಡಲ್ ಮೇಲಿನ ಕೈ ಸಡಿಲ ಬಿಡಿ. ಬಿಗಿ ಹಿಡಿದ ಕೈಯೇ ಗಾಡಿಯನ್ನು ತೊಯ್ದಾಡಿಸುವುದು. ಎತ್ತರದ ಲಗೇಜು ಬೇಡ.

ಪ್ರಶ್ನೆ: ಟೂಲ್ ಕಿಟ್‌ನಲ್ಲಿ ಏನೇನಿರಬೇಕು?
— ಹಿರಿಯೂರು, ಚನ್ನಗಿರಿ ಮತ್ತಿತರ ಕಡೆಯಿಂದ

ಉತ್ತರ: ಗಾಡಿಯ ಜೊತೆ ಬಂದದ್ದು, ಮೇಲೆ ಹೇಳಿದ ಪಂಕ್ಚರ್ ಸಾಮಾನು (ಟ್ಯೂಬ್‌ಲೆಸ್ ಆದರೆ ಬತ್ತಿ ಐದು), ಒಂದು ಕ್ಲಚ್ ಕೇಬಲ್, ಒಂದು ಆಕ್ಸಿಲರೇಟರ್ ಕೇಬಲ್, ಸ್ಪಾರ್ಕ್ ಪ್ಲಗ್, ಗಾಡಿಯಲ್ಲಿರುವ ಅಳತೆಯದೇ ಫ್ಯೂಸ್ ಎರಡು, ಚೈನ್ ಲಾಕ್ (ಚೈನಿನ ಎರಡು ತುದಿ ಜೋಡಿಸುವ ಕೊಂಡಿ), ಇನ್ಸುಲೇಷನ್ ಟೇಪ್, ಕಟ್ಟುವ ತಂತಿ ಒಂದು ಮೀಟರ್, ಟಾರ್ಚ್. ಇಂಜಿನ್ ಆಯಿಲ್ ಕುಡಿಯುವ ಹಳೆ ಗಾಡಿಯಾದರೆ ಅರ್ಧ ಲೀಟರ್ ಆಯಿಲ್. ಹೊಸ ಕ್ಲಚ್ ಕೇಬಲನ್ನು ಚೀಲದಲ್ಲಿ ಒಯ್ಯುವ ಬದಲು ಹಳೆಯದರ ಪಕ್ಕದಲ್ಲೇ ಎಳೆದು ಟೇಪ್ ಸುತ್ತಿ ಇಟ್ಟುಕೊಂಡರೆ, ತುಂಡಾದಾಗ ಎರಡು ತುದಿ ಬದಲಿಸಿದರೆ ಮುಗಿಯಿತು. ಬ್ರೇಕ್ ಪ್ಯಾಡ್ ಹೊರಡುವ ವಾರ ಮೊದಲೇ ನೋಡಿ, ಸವೆದಿದ್ದರೆ ಊರಲ್ಲೇ ಬದಲಿಸಿ. ದಾರಿಯಲ್ಲಿ ನಿಮ್ಮ ಗಾಡಿಯದೇ ಸಿಗಲಿಕ್ಕಿಲ್ಲ. ಪ್ರತಿ 500 ಕಿ.ಮೀ.ಗೆ ಚೈನಿಗೆ ಎಣ್ಣೆ, ದೂಳಿನ ದಾರಿಯಾದರೆ ಅದಕ್ಕೂ ಮೊದಲು. ಫೋನನ್ನು ಹ್ಯಾಂಡಲಿಗೆ ಕಚ್ಚಿಸುವವರು ನಡುಕ ತಡೆಯುವ ರಬ್ಬರ್ ಇರುವ ಹೋಲ್ಡರ್ ತೊಗೊಳ್ಳಿ, ಇಂಜಿನ್ ನಡುಕಕ್ಕೆ ಕ್ಯಾಮೆರಾ ಕೆಡುತ್ತದೆ. 112 ತುರ್ತಿಗೆ, 108 ಆಂಬುಲೆನ್ಸಿಗೆ, ರಾಷ್ಟ್ರೀಯ ಹೆದ್ದಾರಿಯ ಮೇಲಾದರೆ 1033.

ಪ್ರಶ್ನೆ: ಹಳ್ಳ ಉಕ್ಕಿ ಕೆಳಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಎಷ್ಟು ಆಳದವರೆಗೆ ದಾಟಬಹುದು?
— ನ್ಯಾಮತಿ

ಉತ್ತರ: ನೀರು ಹರಿಯುತ್ತಿದ್ದು, ಸೇತುವೆಯ ಮೈ ಕಾಣುತ್ತಿಲ್ಲವಾದರೆ ದಾಟಲೇಬೇಡಿ, ಆಳ ಎಷ್ಟೇ ಇರಲಿ. ಕೆಂಪು ನೀರಿನಡಿ ಸೇತುವೆ ಕೊಚ್ಚಿಹೋಗಿದೆಯೋ ಇದೆಯೋ ಗೊತ್ತಾಗುವುದಿಲ್ಲ. ಮಳೆ ನಿಂತರೆ ಸಣ್ಣ ಹಳ್ಳ ಎರಡು ಮೂರು ಗಂಟೆಯಲ್ಲಿ ಇಳಿಯುತ್ತದೆ, ಕಾಯಿರಿ.

ನಿಂತ ನೀರು, ತಳ ಗೊತ್ತಿದೆ, ಚಕ್ರದ ಆಕ್ಸೆಲ್‌ಗಿಂತ ಕೆಳಗಿದೆ ಎಂದರೆ ಮೊದಲ ಗೇರಿನಲ್ಲಿ, ನಡುವೆ ಆಕ್ಸಿಲರೇಟರ್ ಬಿಡದೆ ಹೋಗಿ. ನೀರಿನ ನಡುವೆ ಇಂಜಿನ್ ನಿಂತರೆ ಸೆಲ್ಫ್ ಒತ್ತಬೇಡಿ. ಏರ್ ಫಿಲ್ಟರ್ ಮೂಲಕ ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ದಡಕ್ಕೆ ತಳ್ಳಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಹತ್ತು ಕಿಕ್ ಹೊಡೆಯಿರಿ. ಕಿಕ್ ಇಲ್ಲದ ಗಾಡಿಯಾದರೆ ಪ್ಲಗ್ ಬಿಚ್ಚಿದ ಮೇಲೆ ಮಾತ್ರ ಸೆಲ್ಫ್. ಪ್ಲಗ್ ತೂತಿನಿಂದ ನೀರು ಚಿಮ್ಮುವುದು ನಿಂತ ಮೇಲೆ ಪ್ಲಗ್ ಒರೆಸಿ ಹಾಕಿ. ಆಯಿಲ್ ಕಡ್ಡಿ ತೆಗೆದು ನೋಡಿ. ಹಾಲು ಬೆರೆಸಿದ ಟೀ ಬಣ್ಣ ಇದ್ದರೆ ಆಯಿಲಿಗೆ ನೀರು ಸೇರಿದೆ, ಬದಲಿಸದೆ ಸ್ಟಾರ್ಟ್ ಮಾಡಬೇಡಿ. ಹೊರಟ ಮೇಲೆ ಮೊದಲ ಕಾಲು ಕಿಲೋಮೀಟರ್ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಸಾಗಿ. ಡ್ರಮ್ಮಿನೊಳಗಿನ ನೀರು ಆರುವವರೆಗೆ ಬ್ರೇಕ್ ಹಿಡಿಯುವುದಿಲ್ಲ, ಮುಂದಿನ ತಿರುವು ಎಲ್ಲಿದೆಯೋ ಯಾರಿಗೆ ಗೊತ್ತು.